ಒಳಗೆ ನಾನಿದ್ದೇನೆ

ಯಂತ್ರದ ಸ್ವಿಚ್ಚಿಗೆ ಹಾಕಿದ ಬೀಗದ ಮೇಲೆ ಧೂಳು ಕೂತಿತ್ತು. ಮಣ್ಣಿನ ಧೂಳಲ್ಲ, ಕಾಗದದ್ದು. ಈ ಗಿರಣಿಯಲ್ಲಿ ಕಣ್ಣರೆಪ್ಪೆಯ ಮೇಲೂ ಟೀ ಲೋಟದ ಅಂಚಿನ ಮೇಲೂ ಕೂರುವ, ಊದಿದರೆ ಎದ್ದು ಮತ್ತೆ ಅಲ್ಲೇ ಬಂದು ಕೂರುವ ಬೂದು ಬಣ್ಣದ ಧೂಳು. ಊದಲೆಂದು ಬಾಗಿದ ಸುರಕ್ಷತಾ ಅಧಿಕಾರಿ ಬಾಯಿ ಮುಚ್ಚಿಕೊಂಡ. ಬೀಗಕ್ಕೆ ಕಟ್ಟಿದ ಬಿಲ್ಲೆಯಲ್ಲಿ ಅವನ ಭಾವನ ಫೋಟೋ ಇತ್ತು. ಬಿಲ್ಲೆ ಮಾಡಿಸುವಾಗ ಎಲ್ಲರೂ ಹಳೆಯ ಗುರುತಿನ ಚೀಟಿಯ ಫೋಟೋ ಕಿತ್ತು ಕೊಟ್ಟರೆ ಭಾವ ಮಾತ್ರ ಸ್ಟುಡಿಯೋಗೆ ಹೋಗಿ, ತಲೆ ಬಾಚಿ, ಒಳ್ಳೆಯ ಅಂಗಿ ಹಾಕಿ, "ಸ್ವಿಚ್ಚಿಗೆ ನೇತಾಡೋ ಮುಖ ಸ್ವಲ್ಪ ಲಕ್ಷಣವಾಗಿರ್ಲಿ" ಎಂದು ಹೊಸದಾಗಿ ತೆಗೆಸಿಕೊಂಡು ಬಂದಿದ್ದರು. ಫೋಟೋದ ಕೆಳಗೆ ಕೆಂಪಕ್ಷರದಲ್ಲಿ: ಒಳಗೆ ನಾನಿದ್ದೇನೆ. ಈ ಬೀಗ ತೆಗೆಯಬೇಡಿ. ಆ ಮಾತು ಬರೆದವನು ಅವನೇ, ಅಚ್ಚು ಹಾಕಿಸಿದವನೂ ಅವನೇ. ಭಾವ ತೀರಿಕೊಂಡು ಇವತ್ತಿಗೆ ನಾಲ್ಕನೆಯ ದಿನ. ಬಿಲ್ಲೆ ಮಾತ್ರ ಇನ್ನೂ ಅದನ್ನೇ ಹೇಳುತ್ತಿತ್ತು.

"ಯಂತ್ರದ ಹೊಸ ಬೆಲ್ಟ್ ಬಂತು, ಹಾಕಿದ್ದೂ ಆಯ್ತು," ಎಂದರು ಮ್ಯಾನೇಜರ್, ತಮಗೆ ಸಾಧ್ಯವಾದಷ್ಟು ಮೆತ್ತಗೆ. "ನಿಮಗೆ ಕಷ್ಟ ಅಂತ ನಂಗೊತ್ತು. ನೀವು ಇಲ್ಲಿ ನಿಲ್ಲೋದೇ ಬೇಡ. ಆಫೀಸಲ್ಲಿ ಕೂತಿರಿ, ಬೀಗ ನಾವು ಕತ್ತರಿಸಿಬಿಡ್ತೀವಿ. ಒಂದು ನಿಮಿಷದ ಕೆಲಸ."

"ಕತ್ತರಿಸೋಕೆ ಕ್ರಮ ಇದೆ ಸಾರ್."

"ಕ್ರಮ ಇರೋದು ಬೀಗದವನು ಎಲ್ಲಿದಾನೆ ಅಂತ ಗೊತ್ತಿಲ್ದಾಗ ಅಲ್ವಾ?" ಎಂದುಬಿಟ್ಟ ಮ್ಯಾನೇಜರ್ ನಾಲಗೆ ಕಚ್ಚಿಕೊಂಡರು. ಅವರ ಹಿಂದೆ ಫಿಟ್ಟರ್ ಉದ್ದ ಹಿಡಿಯ ಕಟ್ಟರನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದ, ಅದು ಯಾರ ಕಣ್ಣಿಗೂ ಬೀಳಬಾರದೆಂಬಂತೆ. ಬೆಳಿಗ್ಗೆ ಬೆಲ್ಟ್ ಹಾಕುವಾಗ ಅವನು ತನ್ನ ಬೀಗವನ್ನು ಈ ಬೀಗದ ಪಕ್ಕದಲ್ಲೇ ಹಾಕಿದ್ದ, ಕೆಲಸ ಮುಗಿದ ಮೇಲೆ ತನ್ನದನ್ನು ತೆಗೆದುಕೊಂಡಿದ್ದ, ಇನ್ನೊಂದರ ಕಡೆ ನೋಡಿಯೂ ನೋಡದವನಂತೆ ಇದ್ದ. ಗಿರಣಿಯಲ್ಲಿ ಈ ಬೀಗ ನೋಡಿಯೂ ನೋಡದವರಂತೆ ಇದ್ದವರಲ್ಲಿ ಫಿಟ್ಟರ್ ಮೊದಲನೆಯವನಲ್ಲ. ಮೊದಲನೆಯವನು ಯಾರೆಂದು ಗಿರಣಿಯಲ್ಲಿ ಅಧಿಕಾರಿಗೆ ಮಾತ್ರ ಗೊತ್ತಿತ್ತು, ಮನೆಯಲ್ಲಿ ಅವನ ಹೆಂಡತಿಗೆ ಗೊತ್ತಿತ್ತು.

ರದ್ದಿ ಕಾಗದವನ್ನು ನೀರಿನಲ್ಲಿ ರುಬ್ಬಿ ತಿರುಳು ಮಾಡುವ ಆ ದೊಡ್ಡ ತೊಟ್ಟಿಗೆ ಪುಸ್ತಕದಲ್ಲಿ ಪಲ್ಪರ್ ಎಂದು ಹೆಸರು. ಗಿರಣಿಯಲ್ಲಿ ಅದು ಹಂಡೆ. ಇದು ಎರಡನೇ ಹಂಡೆ. ಒಂದಾಳಿಗಿಂತ ಆಳ, ತಳದಲ್ಲಿ ತಿರುಗುವ ಅಲಗುಗಳು. ಕಾಗದದ ಮೂಟೆಗೆ ಕಟ್ಟಿದ ತಂತಿ ಅಲಗಿಗೆ ಸುತ್ತಿಕೊಂಡರೆ ಒಬ್ಬ ಏಣಿ ಇಳಿದು ಕೊಕ್ಕೆಯಿಂದ ಬಿಡಿಸಬೇಕು. ಇಳಿಯುವವನು ಮೊದಲು ಸ್ವಿಚ್ಚಿಗೆ ತನ್ನ ಬೀಗ ಹಾಕಿ ಕೀಲಿಕೈಯನ್ನು ತನ್ನ ಜೇಬಿಗೇ ಹಾಕಿಕೊಳ್ಳಬೇಕು. ಒಬ್ಬನಿಗೆ ಒಂದೇ ಬೀಗ, ಬೀಗಕ್ಕೆ ಒಂದೇ ಕೀಲಿಕೈ. ಅವನು ಮೇಲೆ ಬಂದು ತೆಗೆಯುವವರೆಗೆ ಯಾವ ದೊರೆ ಬಂದರೂ ಹಂಡೆ ತಿರುಗುವಂತಿಲ್ಲ. ಅವನು ಸುರಕ್ಷತೆಯ ಅಧಿಕಾರಿಯಾಗಿ ಇಲ್ಲಿಗೆ ಬಂದ ವರ್ಷ ತಂದ ಪದ್ಧತಿ ಅದು. ಮೊದಲ ದಿನ ನಕ್ಕವರು ಭಾವನೇ. "ಮನೆಗೆ ಬೀಗ ಹಾಕ್ತಾರೆ, ಪೆಟ್ಟಿಗೆಗೆ ಹಾಕ್ತಾರೆ. ನಮ್ಮ ಹುಡುಗ ಸ್ವಿಚ್ಚಿಗೂ ಹಾಕಿಸ್ತಾನೆ. ನಾಳೆ ನನ್ನ ಬಾಯಿಗೂ ಒಂದು ತರ್ತಾನೆ ನೋಡ್ತಿರಿ." ಮಾತು ಮಾತಿಗೂ 'ಜೋಪಾನ, ಜೋಪಾನ' ಎನ್ನುವ ಅವನಿಗೆ 'ಜೋಪಾನ' ಎಂದೇ ಹೆಸರಿಟ್ಟು, ಆ ಹೆಸರು ಗೇಟಿನ ಕಾವಲುಗಾರನ ಬಾಯಿಯಲ್ಲೂ ನಿಲ್ಲುವಂತೆ ಮಾಡಿದವರೂ ಭಾವನೇ. ಆದರೆ ಅಂದಿನಿಂದ ಬೀಗ ಹಾಕದೆ ಅವರು ಒಂದು ದಿನವೂ ಹಂಡೆಗೆ ಇಳಿದವರಲ್ಲ, ಮೇಲೆ ಬಂದು ತೆಗೆಯದೆ ಒಂದು ದಿನವೂ ಹೋದವರಲ್ಲ. ಹಾಕಿದ ಮೇಲೆ ಎರಡು ಸಲ ಎಳೆದು ನೋಡುತ್ತಿದ್ದರು. ಎಳೆದು ನೋಡುವುದು ಅವರ ಚಟ. ಮನೆಯ ಬಾಗಿಲನ್ನೂ ಎಳೆದು ನೋಡುತ್ತಿದ್ದರು, ಅವನ ಬೂಟಿನ ಲೇಸನ್ನೂ.

ಲೇಸು. ಅದರ ನೆನಪಾದರೆ ಕಿವಿ ಬಿಸಿಯಾಗುತ್ತದೆ, ಈಗಲೂ, ಸಾವಿನ ಇಷ್ಟು ಹತ್ತಿರ ನಿಂತಿರುವಾಗಲೂ, ಅದೇ ನಾಚಿಕೆಗೇಡು. ಭಾವ ತೀರಿಕೊಂಡ ದಿನ ಬೆಳಿಗ್ಗೆ ಗೇಟಿನ ಹತ್ತಿರದ ಸಭೆಯಲ್ಲಿ ಇಡೀ ಪಾಳಿಯ ಮುಂದೆ ನಿಂತು ಅವನು ಎಡವಿ ಬೀಳುವುದರ ಬಗ್ಗೆ ಮಾತಾಡುತ್ತಿದ್ದ. ಅಪಾಯ ಅಂದರೆ ದೊಡ್ಡದೇ ಆಗಿರಬೇಕಿಲ್ಲ, ನೆಲದ ಮೇಲೆ ಬಿದ್ದ ಹಗ್ಗದ ತುಂಡು ಸಾಕು, ಕಣ್ಣಿಗೆ ಬಿದ್ದ ಕೂಡಲೇ ಹೇಳಿ, ನಾಳೆ ಹೇಳಿದರಾಯಿತು ಅಂತ ಬಿಡಬೇಡಿ, ಎನ್ನುತ್ತಿದ್ದಾಗ ಹಿಂದಿನ ಸಾಲಿನಿಂದ ಭಾವನ ದನಿ, "ಹೇಳಿಬಿಡ್ಲಾ ಹಾಗಾದ್ರೆ? ಜೋಪಾನಪ್ಪಾ, ನಿನ್ನ ಲೇಸು ಬಿಚ್ಚಿದೆ." ಎಲ್ಲರೂ ಬಗ್ಗಿ ನೋಡಿದರು. ಬಿಚ್ಚಿತ್ತು. ನಗು ಹೊಟ್ಟೆಯಿಂದ ಬಂತು ಎಲ್ಲರಿಗೂ. ಮ್ಯಾನೇಜರ್ ಕೂಡ ಮುಖ ಆ ಕಡೆ ತಿರುಗಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಭಾವ ಸಾಲು ದಾಟಿ ಬಂದು, ಮಂಡಿಯೂರಿ, ಅಷ್ಟು ಜನರ ಎದುರು ಅವನ ಬೂಟಿನ ಲೇಸು ಕಟ್ಟಿದರು. ಕಟ್ಟಿ ಎರಡು ಸಲ ಎಳೆದು ನೋಡಿದರು. ಏಳುವಾಗ ಅವನ ಮಂಡಿಯ ಮೇಲೆ ಕೈಯಿಟ್ಟು, ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಎದ್ದರು. ಆ ಸ್ವಲ್ಪ ಹೊತ್ತನ್ನು ಅವನು ನಾಟಕವೆಂದುಕೊಂಡ. ನಗಿಸುವವನು ನಗುವಿಗೆ ಬಿಡುವು ಕೊಡುತ್ತಾನಲ್ಲ, ಹಾಗೆ. ಉಸಿರು ತೆಗೆದುಕೊಳ್ಳಲು ಒಬ್ಬ ಮನುಷ್ಯ ಇನ್ನೊಬ್ಬನ ಮಂಡಿಯನ್ನು ಹಿಡಿದುಕೊಂಡಿದ್ದಾನೆ ಎಂದು ಅವನಿಗೆ ಹೊಳೆಯಲಿಲ್ಲ. ಅವನಿಗೆ ಹೊಳೆದದ್ದು ತನ್ನ ಕೆನ್ನೆ ಸುಡುತ್ತಿರುವುದು ಮಾತ್ರ.

ಏಳು ವರ್ಷದವನಿದ್ದಾಗ ಅವನ ತಾಯಿ ತೀರಿಹೋಗಿದ್ದಳು. ಅಕ್ಕ ಮದುವೆಯಾಗಿ ಗಂಡನ ಮನೆಗೆ ಹೊರಟಾಗ ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಅವನು. ಬಾಗಿಲು ತೆರೆದ ಭಾವ ಪೆಟ್ಟಿಗೆಯನ್ನು ನೋಡಲಿಲ್ಲ, "ಇವನಿಗೆ ಬೂಟಿದೆಯಾ?" ಎಂದರಂತೆ. ಹೊಸ ಬೂಟು ತಂದು, ಹೊಸಲ ಮೇಲೆ ಕೂರಿಸಿ, ಗಂಟು ಹಾಕುವುದನ್ನು ಕಲಿಸಿದ್ದರು. ಕಟ್ಟಿದ್ರೆ ಆಗ್ಲಿಲ್ಲ, ಎಳೆದು ನೋಡು. ಹಾಂ. ಇನ್ನೊಂದ್ಸಲ. ಅಕ್ಕನಿಗೆ ಮಕ್ಕಳಾಗಲಿಲ್ಲ. 'ಇನ್ನು ಬೇಡ, ಒಬ್ಬ ಇದಾನಲ್ಲ' ಎಂದು ಭಾವ ನಗುತ್ತಿದ್ದರು. ಓದಿ ಅಧಿಕಾರಿಯಾಗಿ ಅದೇ ಗಿರಣಿಗೆ ಬಂದವನನ್ನು ಅವರು ಕೊನೆಯವರೆಗೂ ಹೊಸಲ ಮೇಲಿನಿಂದ ಏಳಲು ಬಿಡಲಿಲ್ಲ ಎನ್ನುವುದು ಅವನ ಒಳಗಿನ ದೂರು. ಯಾರ ಮುಂದೂ ಹೇಳಿಕೊಳ್ಳಲಾಗದ, ಹೇಳಿದರೆ ತಾನೇ ಸಣ್ಣವನಾಗುವ ದೂರು.

ಆ ಸಂಜೆ ಪಾಳಿ ಬಿಟ್ಟ ಮೇಲೆ ಅವನು ದಿನದ ಕೊನೆಯ ಸುತ್ತು ಹಾಕುತ್ತಿದ್ದ. ಬೆಲ್ಟ್ ಸವೆದಿದ್ದರಿಂದ ಎರಡನೇ ಹಂಡೆಯನ್ನು ಹೊಸ ಬೆಲ್ಟ್ ಬರುವವರೆಗೆ ನಿಲ್ಲಿಸಿದ್ದರು, ಆ ಕಡೆ ಯಾರೂ ಇರಲಿಲ್ಲ. ಸ್ವಿಚ್ಚಿಗೆ ಬೀಗ ನೇತಾಡುತ್ತಿತ್ತು. ಹತ್ತಿರ ಹೋಗಿ ಬಿಲ್ಲೆ ತಿರುಗಿಸಿದ. ತಲೆ ಬಾಚಿಕೊಂಡ ಮುಖ. ಒಳಗೆ ನಾನಿದ್ದೇನೆ. ಅವನಿಗೆ ಮೊದಲು ಆದದ್ದು ಸಂತೋಷ. ಅದನ್ನು ಬೇರೆ ಯಾವ ಹೆಸರಿನಿಂದ ಕರೆದರೂ ಸುಳ್ಳಾಗುತ್ತದೆ. ಹೊಟ್ಟೆ ತಣ್ಣಗಾಗುವಂಥ ಸಂತೋಷ. ಸಿಕ್ಕಿಬಿದ್ದಿರಿ ಭಾವ. ಫೋನ್ ತೆಗೆದು ಫೋಟೋ ಹೊಡೆದ, ಸರಿ ಬರಲಿಲ್ಲವೆಂದು ಇನ್ನೊಂದು ಹೊಡೆದ. ನಾಳೆ ಬೆಳಿಗ್ಗೆ ಸಭೆಯಲ್ಲಿ ಫೋನನ್ನು ಎತ್ತಿ ಹಿಡಿದು ಹೇಳಬೇಕಾದ ಮಾತೂ ಅಲ್ಲೇ ತಯಾರಾಯಿತು: "ಲೇಸು ಕಟ್ಟೋ ಗಡಿಬಿಡೀಲಿ ಕೆಲವರು ಬೀಗ ತೆಗೆಯೋದೇ ಮರೀತಾರೆ." ಎದುರು ಗೋಡೆಯ ಮೇಲೆ ಅವನೇ ಬರೆಸಿದ ಫಲಕವಿತ್ತು. ಬೀಗ ಉಳಿದಿದ್ದರೆ ಮೊದಲು ಒಳಗೆ ನೋಡಿ, ಹೆಸರು ಹಿಡಿದು ಕೂಗಿ. ಆಮೇಲೆ ಬೀಗದವನಿಗೆ ಫೋನ್ ಮಾಡಿ, ತಕ್ಷಣ. 'ತಕ್ಷಣ' ಎಂಬುದರ ಕೆಳಗೆ ಕೆಂಪು ಗೆರೆ ಎಳೆಯಿರಿ ಎಂದು ಬರೆಯುವವನ ಪಕ್ಕ ನಿಂತು ಹೇಳಿದ್ದು ಅವನೇ. ಅವನು ಒಳಗೆ ನೋಡಲಿಲ್ಲ, ಕೂಗಲಿಲ್ಲ, ಫೋನಂತೂ ಮಾಡಲೇ ಇಲ್ಲ. ಮಾಡಿದರೆ ಭಾವ ಓಡಿ ಬಂದು ಬೀಗ ತೆಗೆದುಬಿಡುತ್ತಾರೆ, ನಾಳೆಯ ನಗು ಕೈತಪ್ಪುತ್ತದೆ. ಸ್ಕೂಟರಿನಲ್ಲಿ ಗೇಟು ದಾಟುವಾಗ ಬಸ್ ನಿಲ್ದಾಣದ ಬೆಂಚಿನ ಮೇಲೆ ಭಾವ ಕಂಬಕ್ಕೆ ತಲೆ ಆನಿಸಿ ಕೂತದ್ದು ಕಂಡಿತು. ಹಿಂದಿನಿಂದ ಕಂಡದ್ದು, ಆ ಬೋಳು ನೆತ್ತಿ, ಆ ಕೈಚೀಲ. ನಿಲ್ಲಿಸಿ ಹತ್ತಿಸಿಕೊಳ್ಳುತ್ತಿದ್ದ ದಿನಗಳುಂಟು. ಅಂದು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ತನ್ನ ಮುಖವೇ ಗುಟ್ಟು ಬಿಟ್ಟುಕೊಡುತ್ತದೆ ಎಂದು ತುಟಿ ಬಿಗಿಹಿಡಿದು, ಬಂದ ನಗುವನ್ನು ನುಂಗಿಕೊಂಡು ಹೋದ.

"ಏನು ಯೋಚ್ನೆ ಮಾಡ್ತಿದೀರಿ?" ಎಂದರು ಮ್ಯಾನೇಜರ್.

"ಒಳಗೆ ನೋಡ್ಬೇಕು ಸಾರ್. ಕ್ರಮ ಅಂದ್ರೆ ಕ್ರಮ."

ಅವನು ತನ್ನ ಬೀಗ ತೆಗೆದು ಭಾವನ ಬೀಗದ ಪಕ್ಕಕ್ಕೆ ಹಾಕಿದ. ಎರಡು ಮುಖಗಳು ಒಂದಕ್ಕೊಂದು ತಾಗಿ ತೂಗಾಡಿ ನಿಂತವು. ಏಣಿ ಹತ್ತಿ ಹಂಡೆಯ ಬಾಯಿಗೆ ಬಗ್ಗಿದ. ಹೆಸರು ಹಿಡಿದು ಕೂಗಬೇಕು. ಇಷ್ಟು ವರ್ಷದಲ್ಲಿ ಅವನು ಭಾವನ ಹೆಸರನ್ನು ಬಾಯಿಬಿಟ್ಟು ಹೇಳಿದವನಲ್ಲ. ಅಕ್ಕನ ಗಂಡನನ್ನು ಹೆಸರು ಹಿಡಿದು ಕರೆಯುವುದುಂಟೆ. ಆಸ್ಪತ್ರೆಯಲ್ಲಿ ಕೂಡ ಹೆಸರೇನೆಂದು ಕೇಳಿದಾಗ ತಡವರಿಸಿದ್ದ, ಬರೆದು ತೋರಿಸಿದ್ದ. ಈಗ ಕೆಳಗೆ ಮ್ಯಾನೇಜರ್ ಮೇಲೆ ನೋಡುತ್ತ ನಿಂತಿದ್ದಾರೆ, ಫಿಟ್ಟರ್ ನಿಂತಿದ್ದಾನೆ, ಆಚೆ ಮೂಟೆ ಬಿಚ್ಚುವ ಹೆಂಗಸರು ಕೈ ಕೆಲಸ ನಿಲ್ಲಿಸಿದ್ದಾರೆ. "ಭಾವಾ," ಎಂದ. ದನಿ ಹೊರಡಲಿಲ್ಲ. ಇನ್ನಷ್ಟು ಬಗ್ಗಿ ಇನ್ನೊಮ್ಮೆ, "ಭಾವಾ." ಹಂಡೆ ಅದನ್ನು ದುಂಡಗೆ ಸುತ್ತಿಸಿ ಅವನಿಗೇ ವಾಪಸ್ಸು ಕೊಟ್ಟಿತು. ಹೆಂಗಸರಲ್ಲಿ ಒಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಟಾರ್ಚಿನ ಬೆಳಕಿನಲ್ಲಿ ಅಲಗಿನ ನಡುವೆ ಏನೋ ಹೊಳೆಯಿತು. ಕೊಕ್ಕೆ. ಭಾವ ತಾವೇ ಬಗ್ಗಿಸಿ ಮಾಡಿಕೊಂಡ, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ ಕೊಕ್ಕೆ. ಬೇರೆಯವರು ಮುಟ್ಟಿದರೆ ಮುನಿಸಿಕೊಳ್ಳುತ್ತಿದ್ದರು. ಅವನು ಇಳಿದ. ಒಳಗೆ ಹಳೆಯ ತೇವದ ವಾಸನೆ, ಗೋಡೆಗೆ ಮೆತ್ತಿ ಒಣಗಿದ ತಿರುಳು, ಅದರಲ್ಲಿ ರುಬ್ಬಿದರೂ ಸಾಯದ ಅಕ್ಷರಗಳು, ಯಾರದೋ ಲೆಕ್ಕದ ತುಂಡು, ಯಾರದೋ ಲಗ್ನದ ಅರ್ಧ ಹೆಸರು. ಕೊಕ್ಕೆಯ ಪಕ್ಕ ಕೈಗವಸುಗಳು, ಒಂದರ ಮೇಲೊಂದು. ಅವುಗಳ ಹಿಂದೆ ಗೋಡೆಯ ಮೇಲೆ ಒಂದು ಕಡೆ ಮಾತ್ರ ತಿರುಳು ಉಜ್ಜಿಹೋಗಿ ಉಕ್ಕು ಕಾಣುತ್ತಿತ್ತು, ಕೂತ ಮನುಷ್ಯನ ಬೆನ್ನಿನಷ್ಟು ಅಗಲ. ಅವನು ಬಹಳ ಹೊತ್ತು ಅದನ್ನೇ ನೋಡಿದ. ಸಲಕರಣೆಯನ್ನು ಹಂಡೆಯೊಳಗೆ ಬಿಟ್ಟು ಮೇಲೆ ಬರುವವರಲ್ಲ ಭಾವ. ಮರೆತದ್ದಲ್ಲ. ಇಲ್ಲಿ ಕೂತಿದ್ದಾರೆ. ಎದೆ ಹಿಡಿದುಕೊಂಡೋ, ಕಣ್ಣು ಮುಚ್ಚಿಕೊಂಡೋ ಈ ಕತ್ತಲಲ್ಲಿ ಕೂತು, ಕೊಕ್ಕೆ ಬಗ್ಗಿ ಎತ್ತಿಕೊಳ್ಳುವ ಶಕ್ತಿಯಿಲ್ಲದೆ, ಏಣಿ ಹತ್ತುವಷ್ಟನ್ನು ಮಾತ್ರ ಕೂಡಿಸಿಕೊಂಡು ಹೋಗಿದ್ದಾರೆ. ಅವನೂ ಅಲ್ಲೇ ಕೂತ, ಆ ಉಕ್ಕಿಗೆ ಬೆನ್ನು ಕೊಟ್ಟು. ತಣ್ಣಗಿತ್ತು. ಮೇಲೆ ಹಂಡೆಯ ಬಾಯಿ ದುಂಡಗೆ ಕಾಣುತ್ತಿತ್ತು, ಅದರಲ್ಲಿ ಫಿಟ್ಟರನ ತಲೆ ಬಂತು.

"ಸಾರ್, ಆ ದಿನ ಮೇಲೆ ಕಾಯ್ತಾ ನಿಂತಿದ್ದೋನು ನಾನೇ," ಎಂದ ಫಿಟ್ಟರ್. ನಾಲ್ಕು ದಿನದಿಂದ ಹೊತ್ತು ತಿರುಗುತ್ತಿದ್ದ ಮಾತು, ಕೆಳಗಿದ್ದವನ ಮೇಲೆ ಸುರಿದುಬಿಟ್ಟ. "ಮುಗೀತು, ನೀನ್ಹೋಗಿ ಟೀ ಕುಡಿ, ನಾನು ಬರ್ತೀನಿ ಅಂದ್ರು. ಮುಖದ ತುಂಬಾ ಬೆವರಿತ್ತು ಸಾರ್. ಹಂಡೇಲಿ ಯಾರಿಗೆ ಬೆವರಲ್ಲ ಅಂತ ನಾನು... ನಿಲ್ಬೇಕಾಗಿತ್ತು."

"ನಿನ್ನ ತಪ್ಪಲ್ಲ ಬಿಡು."

ಎಷ್ಟು ಸಲೀಸಾಗಿ ಬಂತು ಆ ಮಾತು. ತನಗೆ ಯಾರಾದರೂ ಹೇಳಲಿ ಎಂದು ನಾಲ್ಕು ದಿನದಿಂದ ಬಾಯಿಬಿಟ್ಟುಕೊಂಡು ಕಾಯುತ್ತಿದ್ದದ್ದನ್ನು ಇವನ ಕೈಗೆ ಪುಗಸಟ್ಟೆ ಕೊಟ್ಟುಬಿಟ್ಟೆನಲ್ಲ ಎಂದು ಅವನಿಗೆ ಹೊಟ್ಟೆಕಿಚ್ಚಾಯಿತು. ಹೌದು, ಹೊಟ್ಟೆಕಿಚ್ಚೇ. ಆ ರಾತ್ರಿ ಊಟಕ್ಕೆ ಕೂತಾಗ ಅವನು ಹೆಂಡತಿಗೆ ಬೀಗದ ಫೋಟೋ ತೋರಿಸಿ, ನಾಳೆ ಹೇಳುವ ಮಾತನ್ನು ಅಭಿನಯಿಸಿ, ಅವಳನ್ನೂ ನಗಿಸಿದ್ದ. ಕೈ ಒಣಗುವ ಮೊದಲೇ ಫೋನ್ ಬಂದಿತ್ತು. ಆಸ್ಪತ್ರೆಯಲ್ಲಿ ಡಾಕ್ಟರ್ ಕೈ ಒರೆಸಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ, "ಸ್ವಲ್ಪ ಮುಂಚೆ ತಂದಿದ್ರೆ ನೋಡಬಹುದಿತ್ತು" ಎಂದಾಗ ಅಕ್ಕನ ಪಕ್ಕ ನಿಂತಿದ್ದ ಹೆಂಡತಿ ತಲೆಯೆತ್ತಿ ಅವನನ್ನು ನೋಡಿದಳು, ಅಷ್ಟೆ. ಈ ಬೆಳಿಗ್ಗೆ ಅವನು ಬೂಟು ಹಾಕುತ್ತಿದ್ದಾಗ ಕೇಳಿದಳು, "ಅಕ್ಕನಿಗೆ ಹೇಳಿದ್ರಾ?" "ಏನನ್ನ?" "ಏನಿಲ್ಲ ಬಿಡಿ." ಅಕ್ಕನಿಗೆ ಹೇಳಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಭಾವ ಆಗಲೇ ಹೋದರು. ಹೇಳಿದರೆ ಅಕ್ಕನೂ ಹೋಗುತ್ತಾಳೆ. ಬದುಕಿದ್ದೇ ಹೋಗುತ್ತಾಳೆ, ಅದು ಇನ್ನೂ ಕೆಟ್ಟದ್ದು. ತಾಯಿ ಎಂದರೆ ಯಾರೆಂದು ಕೇಳಿದರೆ ಅವನ ಕಣ್ಣಿಗೆ ಬರುವ ಮುಖ ಅವಳದೇ.

ಕೊಕ್ಕೆ, ಕೈಗವಸು ಹಿಡಿದು ಮೇಲೆ ಬಂದ. ತನ್ನ ಬೀಗ ತೆಗೆದುಕೊಂಡ. ಇನ್ನು ಬೀಗದವನಿಗೆ ಫೋನ್. ಮ್ಯಾನೇಜರ್ ಬೇಡವೆನ್ನುವಂತೆ ಕೈಯೆತ್ತಿದರು, ಅಷ್ಟರಲ್ಲಿ ಅವನು ಭಾವನ ನಂಬರ್ ಒತ್ತಿಯಾಗಿತ್ತು. ರಿಂಗಾಯಿತು. ಆ ಸಂಜೆ ಒತ್ತಿದ್ದರೆ ಬೆಂಚಿನ ಮೇಲಿನ ಕೈಚೀಲದೊಳಗೆ ಹೀಗೇ ರಿಂಗಾಗುತ್ತಿತ್ತು. ಭಾವ ಎತ್ತದಿದ್ದರೆ ಪಕ್ಕದವರು ಯಾರಾದರೂ, ಏನ್ರೀ ಫೋನ್ ಹೊಡ್ಕೋತಿದೆ, ಎಂದು ಭುಜ ಮುಟ್ಟುತ್ತಿದ್ದರು, ಮುಟ್ಟಿದರೆ ತಿಳಿಯುತ್ತಿತ್ತು.

"ಹಲೋ," ಎಂದಳು ಅಕ್ಕ. "ಏನೋ, ಅವರ ಫೋನಿಗೆ ಮಾಡಿದೀಯ?"

"ಅಕ್ಕ, ಭಾವನ ಕೀಲಿಕೈ ಗೊಂಚಲು ಇದೆಯಲ್ಲ. ಅದ್ರಲ್ಲಿ ಗಿರಣಿದೊಂದು ಚಿಕ್ಕ ಕೀಲಿಕೈ ಇರುತ್ತೆ. ಬಂದು ತಗೊಂಡು ಹೋಗ್ಲಾ?"

"ಬಾ," ಎಂದಳು.

ಸ್ಕೂಟರ್ ಬಸ್ ನಿಲ್ದಾಣ ದಾಟಿತು. ಬೆಂಚಿನ ಮೇಲೆ ಯಾರೋ ಹುಡುಗಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಅವನು ವೇಗ ಕಡಿಮೆ ಮಾಡಿದ, ನಿಲ್ಲಿಸಬೇಕೆನ್ನಿಸಿತು, ನಿಲ್ಲಿಸಿ ಏನು ಮಾಡುವುದು ತಿಳಿಯಲಿಲ್ಲ. ಅಕ್ಕನದು ಮೂರನೇ ಮಹಡಿಯ ಮನೆ. ಮೆಟ್ಟಿಲ ಕಂಬಿ ಒಂದು ಕಡೆ ಸಡಿಲವಾಗಿದೆ, ಸಿಮೆಂಟು ಕಿತ್ತುಬಂದಿದೆ, ದೀಪವಿಲ್ಲ. ಹತ್ತುವಾಗೆಲ್ಲ ಅವನ ಕಣ್ಣು ತಾನಾಗಿಯೇ ಇವನ್ನು ಎಣಿಸುತ್ತದೆ, ಇಂದೂ ಎಣಿಸಿತು. ಇಂಥ ಕಣ್ಣಿದ್ದು ಏನು ಬಂತು.

ಬಂದ ನೆಂಟರೆಲ್ಲ ಹೋಗಿದ್ದರು. ಮೊಳೆಗೆ ಭಾವನ ಅಂಗಿ ನೇತಾಡುತ್ತಿತ್ತು, ತೋಳು ಇನ್ನೂ ಮಡಚಿದಂತೆಯೇ ಇತ್ತು. ಊಟದ ಡಬ್ಬಿ ತೊಳೆದು ಬೋರಲು ಹಾಕಿದ್ದಳು, ನಾಳೆಗೆ ಬೇಕು ಎಂಬಂತೆ. ಅಕ್ಕ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು, ಗೊಂಚಲು ಮಡಿಲಲ್ಲಿತ್ತು. ಅವನ ಕೈಯಲ್ಲಿದ್ದ ಕೊಕ್ಕೆ ಕಂಡು ಕೈ ಚಾಚಿದಳು, ಕೊಟ್ಟ. ಹಿಡಿಗೆ ಸುತ್ತಿದ ಟ್ಯೂಬಿನ ಮೇಲೆ ಹೆಬ್ಬೆರಳು ಆಡಿಸಿದಳು.

"ಊಟ ಮಾಡಿದ್ಯಾ?"

"ಹೂಂ."

"ಸುಳ್ಳು. ಮುಖ ನೋಡಿದ್ರೆ ಗೊತ್ತಾಗಲ್ವಾ. ಇರು, ಬಡಿಸ್ತೀನಿ." ಏಳಲು ಹೋದವಳು ಎದ್ದೇಳದೆ ಕೇಳಿದಳು, "ಈ ಕೀಲಿಕೈ ಯಾತಕ್ಕೆ?"

"ಭಾವನ ಬೀಗ ಹಂಡೆ ಸ್ವಿಚ್ಚಲ್ಲೇ ಉಳ್ಕೊಂಡಿದೆ. ಆವತ್ತು ಹಾಕಿದ್ದು. ಕತ್ತರಿಸ್ತೀವಿ ಅಂತಾರೆ. ನಂಗೆ ಕತ್ತರಿಸೋದು ಬೇಡ ಅನ್ನಿಸ್ತು."

ಅಕ್ಕ ಕೆಳತುಟಿಯನ್ನು ಒಳಕ್ಕೆ ಎಳೆದುಕೊಂಡಳು. ಯೋಚಿಸುವಾಗ ಅವಳ ರೂಢಿ ಅದು. ಹಿಂದೆ ಅವನ ಲೆಕ್ಕದ ಉತ್ತರ ತಪ್ಪಾದಾಗ ಹೀಗೇ ಎಳೆದುಕೊಳ್ಳುತ್ತಿದ್ದಳು. ಅವಳು ಗಿರಣಿಯೊಳಗೆ ಒಂದು ದಿನವೂ ಕಾಲಿಟ್ಟವಳಲ್ಲ. ಅಪಾಯ ಗುರುತಿಸುವ ಪಾಠ ಯಾರೂ ಅವಳಿಗೆ ಹೇಳಿಲ್ಲ. ಗಂಡನನ್ನು ಬಲ್ಲಳು, ಅಷ್ಟೆ.

"ಅಲ್ಲ ಕಣೋ," ಎಂದಳು, "ಬಾಗಿಲು ಹಾಕಿದ್ದೀನಾ ಅಂತ ಅರ್ಧ ದಾರಿಯಿಂದ ವಾಪಸ್ ಬರೋ ಮನುಷ್ಯ. ಬೀಗ ಬಿಟ್ಟು ಬಂದಿದಾರೆ ಅಂದ್ರೆ ಆವಾಗ್ಲೇ ಮೈ ಸರಿ ಇರ್ಲಿಲ್ಲ ಅಂತ ಅಲ್ವಾ? ಅಷ್ಟು ಜನ ಇದಾರೆ ಅಲ್ಲಿ. ಆ ಬೀಗಾನ ಯಾರೂ ನೋಡ್ಲೇ ಇಲ್ವಾ?"

ಇಲ್ಲ ಎನ್ನಬಹುದಿತ್ತು. ಒಂದು ಮಾತು, ಎರಡಕ್ಷರ. ಅಂದರೆ ಅವಳು ಎದ್ದು ಬಡಿಸುತ್ತಾಳೆ, ಅವನು ಉಣ್ಣುತ್ತಾನೆ, ಇನ್ನೆಷ್ಟು ವರ್ಷವಾದರೂ ಉಣ್ಣುತ್ತಲೇ ಇರಬಹುದು. ತಟ್ಟೆಯ ಸದ್ದು ಕೂಡ ಕಿವಿಗೆ ಬಿತ್ತು ಅವನಿಗೆ.

"ನಾನು ನೋಡ್ದೆ," ಎಂದ.

"ಯಾವಾಗ?"

"ಆವತ್ತೇ. ಸಂಜೆ, ಪಾಳಿ ಬಿಟ್ಟ ಮೇಲೆ." ನಿಲ್ಲಿಸಿದರೆ ಮುಂದೆ ಬಾಯಿ ಬರುವುದಿಲ್ಲವೆಂದು ನಿಲ್ಲಿಸದೆ ಹೇಳಿದ, "ಫೋನ್ ಮಾಡ್ಬೇಕಾಗಿತ್ತು ಅಕ್ಕ. ಮಾಡ್ಲಿಲ್ಲ. ಬೆಳಿಗ್ಗೆ ಎಲ್ಲರ ಮುಂದೆ ನನ್ನ ಲೇಸು ಬಿಚ್ಚಿದೆ ಅಂತ ನಗಿಸಿದ್ರಲ್ಲ, ನಾಳೆ ನಾನೂ ಎಲ್ಲರ ಮುಂದೆ ಅವರನ್ನ... ಬರೀ ತಮಾಷೆಗೆ. ಬರ್ತಾ ಬಸ್ ಸ್ಟಾಪಲ್ಲಿ ಕೂತಿದ್ದೂ ನೋಡ್ದೆ. ನಿಲ್ಲಿಸ್ಲಿಲ್ಲ."

"ಯಾಕೆ ನಿಲ್ಲಿಸ್ಲಿಲ್ಲ?"

"ನಗು ಬರ್ತಿತ್ತು."

"ನಗು," ಎಂದಳು ಅಕ್ಕ, ಅದು ತನಗೆ ಗೊತ್ತಿಲ್ಲದ ಯಾವುದೋ ವಸ್ತುವಿನ ಹೆಸರು ಎಂಬಂತೆ. ಆಮೇಲೆ ಕೊಕ್ಕೆಯನ್ನು ಪಕ್ಕಕ್ಕಿಟ್ಟು, "ಬಸ್ ಸ್ಟಾಪಿನ ಟೀ ಅಂಗಡಿಯವಳು ಹೇಳಿದ್ಲು. ಮೊದಲನೇ ಬಸ್ಸು ಬಂತಂತೆ, ಏಳೋಕೆ ನೋಡಿದ್ರಂತೆ, ಆಗ್ಲಿಲ್ವಂತೆ, ಕೂತರಂತೆ. ಎರಡನೇ ಬಸ್ಸಿಗೆ ಕಣ್ಣೇ ಬಿಡ್ಲಿಲ್ವಂತೆ. ನಿದ್ದೆ ಅಂದ್ಕೊಂಡಳಂತೆ." ಅವನ ಕಡೆ ತಿರುಗಿದಳು. "ನೀನು ಯಾವ ಬಸ್ಸಿನ ಹೊತ್ತಿಗೆ ಹೋದೆ?"

"ಬಸ್ಸು ಇನ್ನೂ ಬಂದಿರ್ಲಿಲ್ಲ ಅಕ್ಕ."

"ಮೊದಲನೇದೂ?"

"ಮೊದಲನೇದೂ."

ಅಕ್ಕ ತಲೆಯಾಡಿಸಿದಳು. ಬಯ್ಯಲಿಲ್ಲ. ಅಳಲಿಲ್ಲ. ಅತ್ತಿದ್ದರೆ ಅವನು ಅವಳ ಕಾಲ ಬಳಿ ಬೀಳಬಹುದಿತ್ತು. ಬೀಳಲು ಜಾಗ ಕೊಡದೆ ಕೂತಿದ್ದಳು. ಫೋಟೋ ತೆಗೆದಿದ್ದೀಯಾ ಎಂದು ಕೇಳಿದಳು, ತೆಗೆದಿರುತ್ತಾನೆಂದು ಅವಳಿಗೆ ಹೇಗೆ ತಿಳಿಯಿತೋ. ಅವನು ಫೋನ್ ಕೊಟ್ಟ. ಅವಳು ಎರಡು ಬೆರಳಿನಿಂದ ಬೀಗವನ್ನು ಆಚೆಗೆ ಸರಿಸಿ ಬಿಲ್ಲೆಯಲ್ಲಿದ್ದ ಮುಖವನ್ನು ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು, ಮುಖ ಬರೀ ಚುಕ್ಕೆ ಚುಕ್ಕೆಯಾಗಿ ಒಡೆಯುವವರೆಗೆ. ಒಡೆದ ಮೇಲೆ ವಾಪಸ್ಸು ಕೊಟ್ಟಳು. ಗೊಂಚಲಿನಿಂದ ಚಿಕ್ಕ ಕೀಲಿಕೈಯನ್ನು ಬಿಡಿಸತೊಡಗಿದಳು. ಗೊಂಚಲಿನ ರಿಂಗು ಬಿಗಿಯಾಗಿತ್ತು, ಅವಳ ಉಗುರು ಜಾರುತ್ತಿತ್ತು. ಅವನು ಕೈ ಮುಂದೆ ಮಾಡಿದ. ಅವಳು ಗೊಂಚಲನ್ನು ತನ್ನ ಕಡೆಗೆ ಎಳೆದುಕೊಂಡಳು, ಸ್ವಲ್ಪವೇ, ಎರಡು ಬೆರಳಿನಷ್ಟು. ಅಷ್ಟು ದೂರದಲ್ಲೇ ಎಲ್ಲ ಇತ್ತು. ಕೀಲಿಕೈ ಬಿಟ್ಟಿತು. ಅದನ್ನು ಅವನ ಅಂಗೈಗೆ ಹಾಕದೆ ಇಬ್ಬರ ನಡುವಿನ ನೆಲದ ಮೇಲಿಟ್ಟಳು.

ಊಟದ ಮಾತು ಮತ್ತೆ ಬರಲಿಲ್ಲ.

ಅವನು ಕೀಲಿಕೈ ಎತ್ತಿಕೊಂಡು ಹೊಸಲ ಬಳಿ ಬಗ್ಗಿ ಬೂಟು ಹಾಕಿಕೊಂಡ. ಕಣ್ಣು ಮಂಜಾಗಿತ್ತು, ಬೆರಳು ಯಾವುದೋ ಗಂಟು ಹಾಕಿತು. ಅಕ್ಕ ಬಾಗಿಲಿಗೆ ಬಂದು ನಿಂತಳು. ಕಳಿಸಿಕೊಡಲಲ್ಲ, ಬಾಗಿಲು ಹಾಕಿಕೊಳ್ಳಲು. ಅವನು ಎದ್ದ. ಅವಳ ಕಣ್ಣು ಅವನ ಮುಖದಿಂದ ಜಾರಿ ಎದೆಗೆ, ಕೈಗೆ, ಕಾಲಿಗೆ ಇಳಿಯಿತು. ಶಾಲೆಗೆ ಕಳಿಸುವಾಗ ಪ್ರತಿದಿನ ಇಳಿಯುತ್ತಿದ್ದಂತೆ. ಕಾಲಿನ ಮೇಲೆ ನಿಂತಿತು. ಅವನೂ ನೋಡಿದ. ಎಡಗಾಲಿನ ಲೇಸು ಬಿಚ್ಚಿಕೊಂಡು ನೆಲಕ್ಕೆ ಬಿದ್ದಿತ್ತು. ಅವಳು ನೋಡಿದ್ದು ಅವನ ಕಣ್ಣಿಗೆ ಬಿತ್ತು, ಅವನು ನೋಡಿದ್ದು ಅವಳಿಗೂ ತಿಳಿಯಿತು. ಅವಳು ಏನೂ ಹೇಳಲಿಲ್ಲ.

ಸರಿ, ಎಂದುಕೊಂಡ. ಇದು ಸರಿ. ಬಗ್ಗಿ ಕಟ್ಟಿಕೊಳ್ಳಲಿಲ್ಲ. ಬೆನ್ನು ತಿರುಗಿಸಿ, ಸಡಿಲ ಕಂಬಿಯನ್ನೂ ಹಿಡಿಯದೆ, ಆ ಲೇಸನ್ನು ಎಳೆದುಕೊಂಡೇ ಕತ್ತಲ ಮೆಟ್ಟಿಲು ಇಳಿಯತೊಡಗಿದ. ಪ್ರತಿ ಮೆಟ್ಟಿಲಿಗೂ ಲೇಸಿನ ತುದಿ ಸಿಮೆಂಟಿಗೆ ಸಣ್ಣಗೆ ಬಡಿಯಿತು. ಹಿಂದೆ ಬಾಗಿಲು ಹಾಕಿದ ಸದ್ದಿಗಾಗಿ ಕಿವಿ ಕಾಯುತ್ತಿತ್ತು. ಬರಲಿಲ್ಲ. ತಿರುವಿನವರೆಗೆ ಇಳಿದ. ಬಲಗಾಲು ಎಡಗಾಲಿನ ಲೇಸನ್ನು ತುಳಿಯಿತು, ಮುಗ್ಗರಿಸಿದ, ಗೋಡೆಗೆ ಕೈ ಕೊಟ್ಟು ನಿಂತ.

"ಲೇಸು ಬಿಚ್ಚಿದೆ ಕಣೋ," ಎಂದಿತು ಮೇಲಿನಿಂದ ಅಕ್ಕನ ದನಿ. ಒಡೆದ ದನಿ, ತಡೆಹಿಡಿಯಲು ನೋಡಿ, ಆಗದೆ, ಸೋತು ಬಂದದ್ದು. ಅದರಲ್ಲಿ ಕ್ಷಮೆ ಇರಲಿಲ್ಲ. ಕಣ್ಣಿಗೆ ಬಿದ್ದದ್ದನ್ನು ಹೇಳದೆ ಇರುವುದು ಅವಳಿಂದ ಆಗಲಿಲ್ಲ, ಅಷ್ಟೆ. ಅವನಿಂದ ಆದದ್ದು ಅವಳಿಂದ ಆಗಲಿಲ್ಲ. ಆಮೇಲೆ ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು.

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಜೇಬಿನಲ್ಲಿ ಫೋನ್ ಹೊಡೆದುಕೊಳ್ಳುತ್ತಿತ್ತು, ಮ್ಯಾನೇಜರ್ ಇರಬೇಕು. ಒಂದು ಮುಷ್ಟಿಯಲ್ಲಿ ಕೀಲಿಕೈ ಒತ್ತುತ್ತಿತ್ತು. ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಕೈಯಿಂದ ತಡಕಿ ಲೇಸಿನ ಎರಡು ತುದಿ ಹಿಡಿದ, ಏಳು ವರ್ಷದವನಿಗೆ ಕಲಿಸಿದ್ದ ಹಾಗೆಯೇ ಗಂಟು ಹಾಕಿದ, ಎಳೆದು ನೋಡಿದ. ಇನ್ನೊಂದು ಸಲ ಎಳೆದು ನೋಡಿದ. ಗಂಟು ಗಟ್ಟಿಯಾಗಿಯೇ ಇತ್ತು. ಅವನು ಎಳೆಯುತ್ತಲೇ ಕೂತಿದ್ದ.